ಮುಖ ಕಳೆದುಕೊಂಡವರಿಗೆ ಮುಖ ಕೊಟ್ಟ ವೈದ್ಯ: ಸರ್ ಹೆರಾಲ್ಡ್ ಗಿಲ್ಲೀಸ್



ನಮ್ಮ ಕನ್ನಡದಲ್ಲಿ ಮೂಗಿಗೆ ಇರುವಷ್ಟು ಮರ್ಯಾದೆ ಬೇರೆ ಯಾವ ಅಂಗಕ್ಕೆ ಇದೆಯೋ ಕಾಣೆವು. ಆಶ್ಚರ್ಯವಾದರೆ ಮೂಗಿನ ಮೇಲೆ ಬೆರಳಿಡುತ್ತೇವೆ, ಇಷ್ಟವಾಗದಿದ್ದರೆ ಮೂಗು ಮುರಿಯುತ್ತೇವೆ, ಬೇಡದ ವಿಷಯದಲ್ಲಿ ಮೂಗು ತೂರಿಸುತ್ತೇವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ರಾಮಾಯಣದಲ್ಲಿ ಶೂರ್ಪಣಖಿಯ ಮೂಗು ಹೋಯಿತು, ಅದರಿಂದ ದೊಡ್ಡ ಯುದ್ಧವೇ ಆಯಿತು. ಮೂಗು ಎಂದರೆ ಉಸಿರು ಮಾತ್ರವಲ್ಲ, ಮಾನವೂ ಹೌದು.

ಹಾಗಾದರೆ ನಿಜವಾಗಿಯೂ ಮೂಗನ್ನೇ ಕಳೆದುಕೊಂಡವನ ಗತಿ ಏನು? ಗುಂಡು ತಗುಲಿ, ಬೆಂಕಿಯಲ್ಲಿ ಬೆಂದು, ಮುಖವೇ ಇಲ್ಲವಾದವನು ಮನೆಗೆ ಹೇಗೆ ಹೋದಾನು? ಅಂಥ ಸಾವಿರಾರು ಜನರಿಗೆ ಮತ್ತೆ ಮುಖ ಕೊಟ್ಟ ಒಬ್ಬ ವೈದ್ಯರ ಕಥೆಯನ್ನು ಈ ವರ್ಷದ ಸಂಚಿಕೆಯಲ್ಲಿ ಹೇಳಬೇಕೆಂದುಕೊಂಡಿದ್ದೇವೆ. ಅವರು ಹುಟ್ಟಿದ್ದು ನಾವಿರುವ ಈ ನ್ಯೂಜಿಲೆಂಡಿನಲ್ಲಿ. ಅವರ ವಿದ್ಯೆಯ ಬೇರೊಂದು ನಮ್ಮ ಭಾರತದಲ್ಲಿದೆ. ಅವರೇ ಸರ್ ಹೆರಾಲ್ಡ್ ಗಿಲ್ಲೀಸ್. ಜಗತ್ತು ಅವರನ್ನು ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಎಂದು ಕರೆಯುತ್ತದೆ.

ಮೊದಲಿಗೆ ಒಂದು ಮಾತು. ಪ್ಲಾಸ್ಟಿಕ್ ಸರ್ಜರಿ ಎಂದರೆ ಮುಖದೊಳಗೆ ಪ್ಲಾಸ್ಟಿಕ್ ಇಟ್ಟು ಹೊಲಿಯುವುದು ಎಂದು ಕೆಲವು ಮಕ್ಕಳು ತಿಳಿದಿರುತ್ತಾರೆ. ಅದು ಹಾಗಲ್ಲ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ತಿದ್ದಿ ರೂಪ ಕೊಡುವುದು ಎಂಬ ಅರ್ಥವಿದೆ. ಕುಂಬಾರ ಮಣ್ಣಿಗೆ ರೂಪ ಕೊಡುವಂತೆ ವೈದ್ಯ ಚರ್ಮ, ಮಾಂಸ, ಮೂಳೆಗಳಿಗೆ ರೂಪ ಕೊಡುತ್ತಾನೆ. ನಾವು ಬಳಸುವ ಪ್ಲಾಸ್ಟಿಕ್ ಡಬ್ಬಿಗಳು ಬರುವ ಮೊದಲೇ ಈ ಹೆಸರು ವೈದ್ಯಶಾಸ್ತ್ರದಲ್ಲಿ ಇತ್ತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹೆರಾಲ್ಡ್ ಡೆಲ್ಫ್ ಗಿಲ್ಲೀಸ್ 1882ರ ಜೂನ್ 17ರಂದು ಡುನೆಡಿನ್ ನಗರದಲ್ಲಿ ಜನಿಸಿದರು. ತಂದೆ ರಾಬರ್ಟ್ ಗಿಲ್ಲೀಸ್ ಜಮೀನು ವ್ಯವಹಾರದಲ್ಲಿದ್ದವರು, ಸ್ವಲ್ಪ ಕಾಲ ಸಂಸತ್ ಸದಸ್ಯರೂ ಆಗಿದ್ದರು. ಅವರಿಗೆ ಆಕಾಶ ನೋಡುವ ಹುಚ್ಚು. ಹೆರಾಲ್ಡ್ ಹುಟ್ಟಿದ ವರ್ಷದ ಡಿಸೆಂಬರಿನಲ್ಲಿ ಶುಕ್ರಗ್ರಹವು ಸೂರ್ಯನ ಮುಂದೆ ಹಾದುಹೋಯಿತು. ಅದನ್ನು ಅವರು ತಮ್ಮ ಮನೆಯಿಂದಲೇ ವೀಕ್ಷಿಸಿದರು. ಆ ಮನೆಗೆ ‘ಟ್ರಾನ್ಸಿಟ್ ಹೌಸ್’ ಎಂಬ ಹೆಸರು ಬಂದದ್ದು ಹಾಗೆ.

ಮನೆಯಲ್ಲಿ ತುಂಬಾ ಮಕ್ಕಳು, ಹೆರಾಲ್ಡ್ ಕೊನೆಯವರು. ಅವರಿಗೆ ನಾಲ್ಕು ವರ್ಷವಾದಾಗ ತಂದೆ ತೀರಿಕೊಂಡರು. ಚಿಕ್ಕವರಿದ್ದಾಗ ಮೆಟ್ಟಿಲ ಕೈಪಿಡಿಯ ಮೇಲಿಂದ ಜಾರಾಟ ಆಡಲು ಹೋಗಿ ಬಿದ್ದು ಮೊಣಕೈ ಮುರಿದುಕೊಂಡರು. ಆ ಕೈ ಜೀವನಪೂರ್ತಿ ಸರಿಯಾಗಿ ಮಡಚಲಿಲ್ಲ, ಚಾಚಲಿಲ್ಲ. ಮಕ್ಕಳೇ, ಮುಂದೆ ಸಾವಿರಾರು ಸೂಕ್ಷ್ಮ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ಆ ಕೈಯೇ ಎಂಬುದನ್ನು ನೆನಪಿಡಿ.

ಇಂಗ್ಲೆಂಡಿನಲ್ಲಿ ಕೆಲವು ವರ್ಷ ಓದಿ, ಮತ್ತೆ ನ್ಯೂಜಿಲೆಂಡಿಗೆ ಬಂದು ವಾಂಗನೂಯಿ ಕಾಲೇಜಿಯೇಟ್ ಶಾಲೆ ಸೇರಿದರು. ಅಲ್ಲಿ ಕ್ರಿಕೆಟ್ ತಂಡದ ನಾಯಕರಾದರು. ನಂತರ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ. 1904ರಲ್ಲಿ ಆಕ್ಸ್‌ಫರ್ಡ್ ವಿರುದ್ಧದ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ ಕೇಂಬ್ರಿಡ್ಜ್ ಪರ ಹುಟ್ಟು ಹಾಕಿ ಗೆದ್ದರು. ಗಾಲ್ಫ್‌ನಲ್ಲಿಯೂ ಎತ್ತಿದ ಕೈ. ಚಿತ್ರ ಬರೆಯುವುದು, ಪಿಟೀಲು ನುಡಿಸುವುದು, ಗಾಳ ಹಾಕಿ ಮೀನು ಹಿಡಿಯುವುದು ಎಲ್ಲವೂ ಇತ್ತು. ಆಟದ ಜೊತೆಗೆ ಪಾಠವನ್ನೂ ಬಿಡಲಿಲ್ಲ. ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯಲ್ಲಿ ತರಬೇತಿ ಪಡೆದು 1908ರಲ್ಲಿ ವೈದ್ಯರಾದರು. 1910ರಲ್ಲಿ ಶಸ್ತ್ರವೈದ್ಯರ ಉನ್ನತ ಪರೀಕ್ಷೆಯಾದ ಎಫ್.ಆರ್.ಸಿ.ಎಸ್. ಮುಗಿಸಿ, ಕಿವಿ ಮೂಗು ಗಂಟಲಿನ ತಜ್ಞರಾಗಿ ಕೆಲಸ ಆರಂಭಿಸಿದರು. 1911ರಲ್ಲಿ ಕ್ಯಾಥ್ಲೀನ್ ಜಾಕ್ಸನ್ ಅವರನ್ನು ಮದುವೆಯಾದರು. ಲಂಡನ್ನಿನಲ್ಲಿ ಸುಖವಾದ ಜೀವನ ಅವರ ಮುಂದಿತ್ತು.

ಯುದ್ಧ ತಂದ ತಿರುವು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಪ್ರತಿ ಏಪ್ರಿಲ್ 25ರಂದು ಆನ್ಜಾಕ್ ದಿನದಲ್ಲಿ ನೀವು ಎದೆಗೆ ಕೆಂಪು ಗಸಗಸೆ ಹೂವು ಸಿಕ್ಕಿಸಿಕೊಳ್ಳುತ್ತೀರಲ್ಲ, ಅದೇ ಯುದ್ಧ. ಸೈನಿಕರು ಕಂದಕದೊಳಗೆ ನಿಂತು ಹೋರಾಡುತ್ತಿದ್ದರು. ದೇಹ ನೆಲದೊಳಗೆ, ತಲೆ ಮಾತ್ರ ಮೇಲೆ. ಹಾಗಾಗಿ ಗುಂಡು, ಸಿಡಿಚೂರು ತಗುಲುತ್ತಿದ್ದುದು ಮುಖಕ್ಕೆ. ಮೊದಲಿನ ಯುದ್ಧಗಳಲ್ಲಿ ಇಂಥವರು ಬದುಕುತ್ತಿದ್ದುದೇ ಅಪರೂಪ. ಈ ಯುದ್ಧದ ಹೊತ್ತಿಗೆ ವೈದ್ಯಕೀಯ ಮುಂದುವರಿದಿತ್ತು, ಜೀವ ಉಳಿಯುತ್ತಿತ್ತು. ಆದರೆ ಮುಖ ಉಳಿಯುತ್ತಿರಲಿಲ್ಲ.

1915ರಲ್ಲಿ ಗಿಲ್ಲೀಸ್ ರೆಡ್‌ಕ್ರಾಸ್ ಮೂಲಕ ಫ್ರಾನ್ಸಿಗೆ ಹೋದರು. ಅಲ್ಲಿ ಶಾರ್ಲ್ ವಲಾದಿಯೇ ಎಂಬ ದಂತವೈದ್ಯರು ಒಡೆದ ದವಡೆಗಳನ್ನು ಜೋಡಿಸುವುದನ್ನು ಕಂಡರು. ಪ್ಯಾರಿಸ್ಸಿನಲ್ಲಿ ಇಪ್ಪೊಲಿತ್ ಮೊರೆಸ್ತಾಂ ಎಂಬ ಶಸ್ತ್ರವೈದ್ಯರು ಮುಖದ ಗಡ್ಡೆಯೊಂದನ್ನು ತೆಗೆದು, ಪಕ್ಕದ ಚರ್ಮವನ್ನೇ ಸರಿಸಿ ಆ ಜಾಗ ಮುಚ್ಚಿದ್ದನ್ನು ಕಣ್ಣಾರೆ ಕಂಡರು. ತಾನು ಮಾಡಬೇಕಾದ ಕೆಲಸ ಇದೇ ಎಂದು ಆಗಲೇ ಅವರಿಗೆ ಹೊಳೆಯಿತು.

ಇಂಗ್ಲೆಂಡಿಗೆ ಮರಳಿ ಸೇನೆಯ ಅಧಿಕಾರಿಗಳನ್ನು ಒಪ್ಪಿಸಿ, 1916ರ ಆರಂಭದಲ್ಲಿ ಆಲ್ಡರ್‌ಶಾಟ್‌ನ ಸೈನಿಕ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗೆಂದೇ ಒಂದು ವಿಭಾಗ ತೆರೆದರು. ಆದರೆ ರಣರಂಗದ ಗಾಯಾಳುಗಳು ಅಲ್ಲಿಗೆ ಬರುವುದು ಹೇಗೆ? ಗಿಲ್ಲೀಸ್ ಅಂಗಡಿಗೆ ಹೋಗಿ ತಮ್ಮ ಸ್ವಂತ ದುಡ್ಡಿನಲ್ಲಿ ಪೆಟ್ಟಿಗೆಗಳಿಗೆ ಕಟ್ಟುವ ವಿಳಾಸದ ಚೀಟಿಗಳನ್ನು ಕೊಂಡುತಂದರು. ಅದರ ಮೇಲೆ ತಮ್ಮ ವಿಭಾಗದ ವಿಳಾಸ ಬರೆಸಿ ಫ್ರಾನ್ಸಿಗೆ ಕಳುಹಿಸುವ ಏರ್ಪಾಡು ಮಾಡಿದರು. ಮುಖಕ್ಕೆ ಗಾಯವಾದವರ ಅಂಗಿಗೆ ಈ ಚೀಟಿ ಕಟ್ಟಿ ಕಳುಹಿಸಿ ಎಂಬುದು ಅವರ ಕೋರಿಕೆ. ಆ ಚೀಟಿಗಳನ್ನು ಕಟ್ಟಿಕೊಂಡ ಸೈನಿಕರು ಬರತೊಡಗಿದರು.

1916ರ ಜುಲೈ 1ರಂದು ಸೋಮ್ ನದಿಯ ಬಳಿ ಘೋರ ಕದನ ಆರಂಭವಾಯಿತು. ಸುಮಾರು 200 ಜನ ಬರಬಹುದೆಂದು ಆಸ್ಪತ್ರೆ ಸಿದ್ಧವಾಗಿತ್ತು. ಬಂದವರು ಸುಮಾರು 2,000 ಜನ. ಮೂಗಿಲ್ಲದವರು, ದವಡೆಯಿಲ್ಲದವರು, ಕಣ್ಣಿನ ರೆಪ್ಪೆಯಿಲ್ಲದವರು. ಆಲ್ಡರ್‌ಶಾಟ್ ಸಾಲದಾಯಿತು. 1917ರಲ್ಲಿ ಲಂಡನ್ ಸಮೀಪದ ಸಿಡ್‌ಕಪ್ ಎಂಬಲ್ಲಿ ಕ್ವೀನ್ಸ್ ಹಾಸ್ಪಿಟಲ್ ಎಂಬ ದೊಡ್ಡ ಆಸ್ಪತ್ರೆಯೇ ಎದ್ದಿತು. ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲಿ 5,000ಕ್ಕೂ ಹೆಚ್ಚು ಜನರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು.

ಪುಣೆಯ ಕುಂಬಾರನ ವಿದ್ಯೆ

ಇಲ್ಲಿ ಸ್ವಲ್ಪ ನಮ್ಮ ದೇಶದ ಕಡೆಗೆ ಹೋಗಿಬರೋಣ. ಹೊಸ ಮೂಗು ಕಟ್ಟುವ ವಿದ್ಯೆ ಭಾರತಕ್ಕೆ ಬಹಳ ಹಳೆಯದು. ‘ಸುಶ್ರುತ ಸಂಹಿತೆ’ಯಲ್ಲಿ ಅದರ ಕ್ರಮವಿದೆ. ಹೋದ ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿ, ಆ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಬಿಡಿಸಿ, ಒಂದು ಕಡೆ ಅಂಟಿಕೊಂಡಿರುವಂತೆಯೇ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಬೇಕು. ಉಸಿರಾಟಕ್ಕೆ ಎರಡು ಕೊಳವೆ ಇಡಬೇಕು. ಚರ್ಮವನ್ನು ಪೂರ್ತಿ ಕತ್ತರಿಸದೆ ಅಂಟಿಸಿಯೇ ಇಡುವುದು ಏಕೆ? ಅದರ ಮೂಲಕ ರಕ್ತ ಹರಿದರೆ ಮಾತ್ರ ಚರ್ಮ ಬದುಕುತ್ತದೆ. ತೋಟದಲ್ಲಿ ಕಸಿ ಕಟ್ಟುವವರು ತಾಯಿಗಿಡದಿಂದ ಕೊಂಬೆಯನ್ನು ಕೂಡಲೇ ಬೇರ್ಪಡಿಸದೆ ಕಾಯುವಂತೆಯೇ ಇದು.

ಮುಂದೆ ಕೆನ್ನೆಯ ಬದಲು ಹಣೆಯ ಚರ್ಮ ಬಳಸುವ ಪದ್ಧತಿ ಬೆಳೆಯಿತು. ಇದು ಯುರೋಪಿಗೆ ಗೊತ್ತಾದದ್ದಕ್ಕೂ ನಮ್ಮ ಮೈಸೂರು ಚರಿತ್ರೆಗೂ ಸಂಬಂಧವಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ರೈತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ಮೇಲೆ, ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಆಕಾರಕ್ಕೆ ಚರ್ಮ ಬಿಡಿಸಿ ಕೆಳಗೆ ತಿರುಗಿಸಿದ. ಅಂಟಿಸಲು ಬಳಸಿದ್ದು ನಾವು ಎಲೆ ಅಡಿಕೆಗೆ ಹಾಕುವ ಕಾಚು! ಇದನ್ನು ಕಂಡ ಇಂಗ್ಲಿಷ್ ವೈದ್ಯರ ಮೂಲಕ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಹಾಗೆಯೇ ಮಾಡಿ ಯಶಸ್ವಿಯಾದರು. ಯುರೋಪಿನಲ್ಲಿ ಇದಕ್ಕೆ ‘ಭಾರತೀಯ ಪದ್ಧತಿ’ ಎಂದೇ ಹೆಸರಾಯಿತು. ಆ ಇಟ್ಟಿಗೆ ಮಾಡುವವನ ಹೆಸರು ಮಾತ್ರ ಆ ವರದಿಯಲ್ಲಿ ಇಲ್ಲ. ಅಕ್ಷರದಲ್ಲಿ ದಾಖಲಾಗದ ಎಷ್ಟು ಜಾಣರು ನಮ್ಮಲ್ಲಿ ಆಗಿಹೋದರೋ!

ಪಕ್ಕೆಲುಬಿನಿಂದ ಬಂದ ಮೂಗು

ಗಿಲ್ಲೀಸ್ ಈ ಹಳೆಯ ಪದ್ಧತಿಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಅದರಲ್ಲಿದ್ದ ಒಂದು ಕೊರತೆಯನ್ನೂ ಕಂಡರು. ಬರೀ ಚರ್ಮದಿಂದ ಕಟ್ಟಿದ ಮೂಗು ಕೆಲವು ತಿಂಗಳಲ್ಲಿ ಮುದುಡಿ ಕುಗ್ಗುತ್ತದೆ. ಕಾರಣ ಸರಳ. ಗುಡಾರಕ್ಕೆ ಬಟ್ಟೆ ಇದ್ದರೆ ಸಾಲದು, ಕಂಬವೂ ಬೇಕು. ನಿಮ್ಮ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ನೋಡಿ. ಬಾಗುತ್ತದೆ, ಬಿಟ್ಟರೆ ಮತ್ತೆ ನಿಲ್ಲುತ್ತದೆ. ಒಳಗಿರುವುದು ಗಟ್ಟಿ ಮೂಳೆಯಲ್ಲ, ಮೃದ್ವಸ್ಥಿ, ಅಂದರೆ ಮೆದುಮೂಳೆ. ಕಿವಿಯಲ್ಲಿರುವುದೂ ಅದೇ. ಪಕ್ಕೆಲುಬುಗಳು ಎದೆಯ ಮುಂಭಾಗದಲ್ಲಿ ಸೇರುವ ಕಡೆಯೂ ಅದೇ ಇದೆ. ಒಳಗೆ ಲೋಳೆಪೊರೆಯ ಹಾಗೆ ಒಂದು ಅಸ್ತರಿ, ನಡುವೆ ಆಧಾರಕ್ಕೆ ಮೃದ್ವಸ್ಥಿ, ಮೇಲೆ ಹೊದಿಕೆಯಾಗಿ ಚರ್ಮ, ಈ ಮೂರೂ ಇದ್ದರೆ ಮಾತ್ರ ಅದು ಮೂಗು ಎಂಬುದು ಗಿಲ್ಲೀಸ್ ಅವರ ನಿಲುವಾಯಿತು.

ಮೃದ್ವಸ್ಥಿಗೆ ಒಂದು ವಿಶೇಷ ಗುಣವಿದೆ. ಅದರೊಳಗೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದಲೇ ಆಹಾರ ಹೀರಿಕೊಂಡು ಬದುಕುತ್ತದೆ. ಆದ್ದರಿಂದ ಒಂದು ಕಡೆಯಿಂದ ತೆಗೆದು ಅದೇ ವ್ಯಕ್ತಿಯ ದೇಹದ ಇನ್ನೊಂದು ಕಡೆ ಕಸಿ ಮಾಡಿದರೂ ಸಾಯದೆ ಉಳಿಯುತ್ತದೆ. ಚಾಕುವಿನಿಂದ ಕೆತ್ತಿ ಬೇಕಾದ ಆಕಾರ ಕೊಡಲೂಬಹುದು.

1917ರ ಜನವರಿಯಲ್ಲಿ ವಿಲಿಯಂ ಸ್ಪ್ರೆಕ್ಲಿ ಎಂಬ ಸೇನಾಧಿಕಾರಿ ಬಂದರು. ವಯಸ್ಸು 33. ಗುಂಡೇಟಿಗೆ ಮೂಗು ಹೋಗಿ ಮುಖದ ನಡುವೆ ಹಳ್ಳವಾಗಿತ್ತು. ಗಿಲ್ಲೀಸ್ ಅವರ ಪಕ್ಕೆಲುಬಿನ ಬಳಿಯಿಂದ ಮೃದ್ವಸ್ಥಿ ತೆಗೆದು, ಕೆತ್ತಿ, ಅವರದೇ ಹಣೆಯ ಚರ್ಮದ ಕೆಳಗೆ ಹುದುಗಿಸಿದರು. ಅಲ್ಲಿ ಅದು ಆರು ತಿಂಗಳು ಬೆಚ್ಚಗೆ ಕುಳಿತು ಹೊಂದಿಕೊಂಡಿತು. ಆಮೇಲೆ ಹಣೆಯ ಚರ್ಮವನ್ನು, ಒಳಗಿನ ಮೃದ್ವಸ್ಥಿಯ ಸಮೇತ, ಕೆಳಗೆ ತಿರುಗಿಸಿ ಮೂಗಾಗಿ ನಿಲ್ಲಿಸಿದರು. ಪುಣೆಯ ವಿದ್ಯೆ, ಅದರೊಳಗೆ ಹೊಸ ಕಂಬ!

ಮೊದಲಿಗೆ ಆ ಮೂಗು ವಿಪರೀತ ಊದಿಕೊಂಡು ಸೊಂಡಿಲಿನ ಹಾಗೆ ಕಂಡಿತು. ಸಹೋದ್ಯೋಗಿಗಳು ನಕ್ಕರು. ಗಿಲ್ಲೀಸ್ ಅವರಿಗೂ ಕೆಲಸ ಕೆಟ್ಟಿತೇನೋ ಎನಿಸಿತು. ಆದರೆ ಅವಸರಪಡಲಿಲ್ಲ. ಊತ ಇಳಿಯಿತು, ಹೆಚ್ಚಾದ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಸವರಿದರು. 1920ರ ಅಕ್ಟೋಬರಿನಲ್ಲಿ ಸ್ಪ್ರೆಕ್ಲಿ ಆಸ್ಪತ್ರೆಯಿಂದ ಹೊರಟಾಗ ಮುಖದಲ್ಲಿ ಅಂದವಾದ ಮೂಗಿತ್ತು. ಸುಮಾರು ಮೂರೂಮುಕ್ಕಾಲು ವರ್ಷದ ತಾಳ್ಮೆ ಅದು. ವೈದ್ಯರದೂ ಹೌದು, ರೋಗಿಯದೂ ಹೌದು.

ಕೊಳವೆಯ ಉಪಾಯ ಮತ್ತು ಒಂದು ಸಾವು

ಹಣೆಯೂ ಕೆನ್ನೆಯೂ ಸುಟ್ಟುಹೋಗಿದ್ದರೆ ಚರ್ಮ ಎಲ್ಲಿಂದ ತರಬೇಕು? 1917ರ ಅಕ್ಟೋಬರ್ 3ರಂದು ಗಿಲ್ಲೀಸ್ ಜಟ್ಲೆಂಡ್ ನೌಕಾ ಕದನದಲ್ಲಿ ಬೆಂದ ವಿಲ್ಲಿ ವಿಕಾರೇಜ್ ಎಂಬ ನಾವಿಕನ ಎದೆಯ ಚರ್ಮವನ್ನು ಪಟ್ಟಿಯಾಗಿ ಎತ್ತುತ್ತಿದ್ದರು. ಪಟ್ಟಿಯ ಅಂಚುಗಳು ತಾವಾಗಿಯೇ ಒಳಗೆ ಸುರುಳಿಕೊಳ್ಳುವುದನ್ನು ಗಮನಿಸಿದರು. ಅಂಚುಗಳನ್ನು ಕೂಡಿಸಿ ಹೊಲಿದರೆ ಹೇಗೆ? ಹೊಲಿದರು. ಚರ್ಮದ ಪಟ್ಟಿ ಕೊಳವೆಯಾಯಿತು. ಹಸಿ ಭಾಗ ಒಳಗೆ ಮುಚ್ಚಿಕೊಂಡದ್ದರಿಂದ ನಂಜಾಗುವ ಅಪಾಯ ಕಡಿಮೆಯಾಯಿತು, ರಕ್ತಸಂಚಾರವೂ ಚೆನ್ನಾಗಿ ಉಳಿಯಿತು. ಆಗಿನ್ನೂ ಪೆನ್ಸಿಲಿನ್ ಇರಲಿಲ್ಲ ಎಂಬುದನ್ನು ನೆನೆದರೆ ಈ ಉಪಾಯದ ಬೆಲೆ ತಿಳಿಯುತ್ತದೆ. ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ವ್ಲಾಡಿಮಿರ್ ಫಿಲಾಟೊವ್ ಎಂಬ ಕಣ್ಣಿನ ವೈದ್ಯರು ಇದೇ ಉಪಾಯವನ್ನು ಹಿಂದಿನ ವರ್ಷವೇ ಕಂಡುಕೊಂಡಿದ್ದರು. ಯುದ್ಧದ ಕಾಲವಾದ್ದರಿಂದ ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಎಲ್ಲವೂ ಗೆಲುವೇ ಆಗಿತ್ತು ಎಂದು ಬರೆದರೆ ನಾವು ಮಕ್ಕಳಿಗೆ ಸುಳ್ಳು ಹೇಳಿದಂತೆ. ಹೆನ್ರಿ ಲಮ್ಲಿ ಎಂಬ ತರುಣ ವಿಮಾನ ಚಾಲಕರ ಮುಖ ಅಪಘಾತದಲ್ಲಿ ಪೂರ್ತಿ ಸುಟ್ಟುಹೋಗಿತ್ತು. ಗಿಲ್ಲೀಸ್ ಅವರ ಎದೆಯಿಂದ ಇಡೀ ಮುಖಕ್ಕಾಗುವಷ್ಟು ದೊಡ್ಡ ಚರ್ಮವನ್ನು ಒಂದೇ ಸಲ ತಂದು ಕೂರಿಸಿದರು. ಅಷ್ಟು ದೊಡ್ಡ ಚರ್ಮಕ್ಕೆ ರಕ್ತ ಸಾಲಲಿಲ್ಲ, ಅದು ಕೊಳೆಯಿತು. ಮೊದಲೇ ಸೋತಿದ್ದ ದೇಹ ತಡೆಯಲಿಲ್ಲ. 1918ರ ಮಾರ್ಚಿನಲ್ಲಿ, 26ನೇ ವಯಸ್ಸಿನಲ್ಲಿ ಲಮ್ಲಿ ತೀರಿಕೊಂಡರು.

ಗಿಲ್ಲೀಸ್ ಇದನ್ನು ಮುಚ್ಚಿಡಲಿಲ್ಲ. ಹಂತಹಂತವಾಗಿ ಮಾಡಬೇಕಿತ್ತು, ರೋಗಿಯ ಶಕ್ತಿ ಕೂಡಿಬರುವವರೆಗೆ ಕಾಯಬೇಕಿತ್ತು ಎಂದು ಒಪ್ಪಿಕೊಂಡರು. ನಾಳೆಗೆ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯನ್ನು ಇಂದೇ ಮಾಡಬಾರದು ಎಂಬುದು ಅವರ ವೃತ್ತಿಯ ಮುಖ್ಯ ಸೂತ್ರವಾಯಿತು. ಇಂದಿನ ಕೆಲಸ ನಾಳೆಗೆ ಬೇಡ ಎಂದು ನಾವು ನಿಮಗೆ ದಿನವೂ ಹೇಳುತ್ತೇವೆ; ಹೋಂವರ್ಕಿಗೆ ಆ ಮಾತೇ ಸರಿ! ಆದರೆ ಜೀವದ ವಿಷಯದಲ್ಲಿ ಕಾಯುವುದೂ ಒಂದು ವಿದ್ಯೆ.

ಕನ್ನಡಿಯಿಲ್ಲದ ಆಸ್ಪತ್ರೆ

ಸಿಡ್‌ಕಪ್‌ನ ವಾರ್ಡುಗಳಲ್ಲಿ ಕನ್ನಡಿ ಇರುತ್ತಿರಲಿಲ್ಲ. ಆಸ್ಪತ್ರೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿಯಲಾಗಿತ್ತು. ಆ ಬೆಂಚಿನ ಮೇಲೆ ಕುಳಿತವರ ಮುಖ ನೋಡಿ ಬೆಚ್ಚಬೇಡಿ ಎಂದು ಊರವರಿಗೆ ಮುನ್ನೆಚ್ಚರಿಕೆ ಅದು. ದೇಶಕ್ಕಾಗಿ ಮುಖ ಕಳೆದುಕೊಂಡವರನ್ನು ದೇಶವೇ ನೋಡಲು ಹೆದರುತ್ತಿತ್ತು. ಕಾಲು ಹೋದವನಿಗೆ ಕೈಕುಲುಕುವವರು ಮುಖ ಹೋದವನಿಂದ ಕಣ್ಣು ತಪ್ಪಿಸುತ್ತಿದ್ದರು. ಇದು ಗಾಯಕ್ಕಿಂತ ದೊಡ್ಡ ನೋವು.

ಗಿಲ್ಲೀಸ್ ಈ ನೋವಿಗೂ ಮದ್ದು ಹುಡುಕಿದರು. ರೋಗಿಗಳಿಗೆ ಆಟ, ನಾಟಕ, ಸಂಗೀತ. ಬೊಂಬೆ ಮಾಡುವುದು ಮುಂತಾದ ಕಸುಬುಗಳ ಕಲಿಕೆ. ತಾವೇ ವೇಷ ಹಾಕಿಕೊಂಡು ‘ಡಾಕ್ಟರ್ ಸ್ಕ್ರೋಗಿ’ ಎಂಬ ಹೆಸರಿನಲ್ಲಿ ರಾತ್ರಿ ವಾರ್ಡಿಗೆ ನುಗ್ಗಿ ಎಲ್ಲರನ್ನೂ ನಗಿಸುತ್ತಿದ್ದರು. ಹೆನ್ರಿ ಟಾಂಕ್ಸ್ ಎಂಬ ಕಲಾವಿದರು, ಅವರೂ ಶಸ್ತ್ರವೈದ್ಯರೇ, ಹಲವರ ಮುಖದ ಚಿತ್ರಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ನಂತರವೂ ಬರೆದರು. ಐವನ್ ಮಗಿಲ್ ಮತ್ತು ಸ್ಟ್ಯಾನ್ಲಿ ರೌಬಾಟಮ್ ಎಂಬ ಅರಿವಳಿಕೆ ವೈದ್ಯರು ಉಸಿರುನಾಳಕ್ಕೆ ಕೊಳವೆ ಇಳಿಸಿ ಅರಿವಳಿಕೆ ಕೊಡುವ ಕ್ರಮವನ್ನು ಅಲ್ಲಿಯೇ ಬೆಳೆಸಿದರು. ಮುಖದ ಮೇಲೆಯೇ ಕೆಲಸ ನಡೆಯುವಾಗ ಮುಖಕ್ಕೆ ಮುಸುಕು ಹಾಕಲಾಗುವುದಿಲ್ಲವಲ್ಲ! ಇಂದು ಜಗತ್ತಿನ ಎಲ್ಲ ಆಸ್ಪತ್ರೆಗಳಲ್ಲೂ ಆ ಕ್ರಮ ಬಳಕೆಯಲ್ಲಿದೆ.

ಸಿಡ್‌ಕಪ್‌ನಲ್ಲಿ ನ್ಯೂಜಿಲೆಂಡಿನ ಸೈನಿಕರಿಗೆ ಪ್ರತ್ಯೇಕ ವಿಭಾಗವಿತ್ತು. ಅದರ ಮುಖ್ಯಸ್ಥರು ಒಟಾಗೋ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಮೊದಲ ಡೀನ್ ಹೆನ್ರಿ ಪಿಕರಿಲ್. ಯುದ್ಧದ ನಂತರ ಅವರು ತಮ್ಮ ರೋಗಿಗಳೊಂದಿಗೆ ಡುನೆಡಿನ್‌ಗೆ ಮರಳಿ ಚಿಕಿತ್ಸೆ ಮುಂದುವರಿಸಿದರು. ಅಲ್ಲಿನ ದಾಖಲೆಗಳೂ ಅವರ ಜೊತೆ ಹಡಗೇರಿ ಬಂದವು. ಹೀಗೆ ಗಿಲ್ಲೀಸ್ ಹುಟ್ಟಿದ ಊರಿಗೆ ಅವರ ವಿದ್ಯೆ ತಾನಾಗಿಯೇ ಬಂದು ಸೇರಿತು.

ಕೊನೆಯವರೆಗೂ ಕೆಲಸ

1920ರಲ್ಲಿ ಗಿಲ್ಲೀಸ್ ಮುಖದ ಪ್ಲಾಸ್ಟಿಕ್ ಸರ್ಜರಿಯ ಬಗ್ಗೆ ಪುಸ್ತಕ ಬರೆದರು. 1930ರಲ್ಲಿ ಅವರಿಗೆ ‘ಸರ್’ ಪದವಿ ಬಂತು. ಅದೇ ವರ್ಷ ಡುನೆಡಿನ್‌ನವರೇ ಆದ ಬಂಧು ಆರ್ಚಿಬಾಲ್ಡ್ ಮೆಕಿಂಡೋ ಕೆಲಸವಿಲ್ಲದೆ ಲಂಡನ್ನಿಗೆ ಬಂದಾಗ, ಜೊತೆಗೆ ಸೇರಿಸಿಕೊಂಡು ವಿದ್ಯೆ ಕಲಿಸಿದರು. ಎರಡನೇ ಮಹಾಯುದ್ಧದಲ್ಲಿ ಸುಟ್ಟ ಗಾಯಗಳ ವಿಮಾನ ಚಾಲಕರಿಗೆ ಹೊಸ ಬದುಕು ಕೊಟ್ಟವರು ಇದೇ ಮೆಕಿಂಡೋ. ಆಕ್ಲೆಂಡಿನಲ್ಲಿ ಹುಟ್ಟಿದ ರೇನ್ಸ್‌ಫರ್ಡ್ ಮೌಲೆಮ್ ಕೂಡ ಇದೇ ಬಳಗದವರು. ಆ ಕಾಲದ ಬ್ರಿಟನ್ನಿನ ನಾಲ್ಕು ಪ್ರಮುಖ ಪ್ಲಾಸ್ಟಿಕ್ ಸರ್ಜನ್ನರಲ್ಲಿ ಮೂವರು ನ್ಯೂಜಿಲೆಂಡಿನ ಮಕ್ಕಳು! ಗಿಲ್ಲೀಸ್ ತಮ್ಮ ಕೊನೆಯ ವರ್ಷಗಳಲ್ಲಿ ಭಾರತಕ್ಕೂ ಬಂದು, ನಾಗಪುರದ ವೈದ್ಯಕೀಯ ಕಾಲೇಜಿನಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಉದ್ಘಾಟಿಸಿದರು. ಭಾರತದಿಂದ ಹೋದ ವಿದ್ಯೆ ಬೆಳೆದು ಭಾರತಕ್ಕೆ ಮರಳಿತು ಎನ್ನಬಹುದು.

1960ರ ಆಗಸ್ಟ್‌ನಲ್ಲಿ 18 ವರ್ಷದ ಹುಡುಗಿಯೊಬ್ಬಳ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗಲೇ ಗಿಲ್ಲೀಸ್ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 78 ವರ್ಷ. ಕೊನೆಯ ಕೆಲಸವೂ ಚಿಕಿತ್ಸೆಯೇ.

ನಾವು ಕಲಿಯುವುದೇನು?

ಇಂದು ಮೂಗಿನ ಶಸ್ತ್ರಚಿಕಿತ್ಸೆ ಬಹಳ ಮುಂದುವರಿದಿದೆ. ಮೃದ್ವಸ್ಥಿಯನ್ನು ಮೂಗಿನ ನಡುಗೋಡೆಯಿಂದ, ಕಿವಿಯಿಂದ ಅಥವಾ ಪಕ್ಕೆಲುಬಿನಿಂದ ತೆಗೆದುಕೊಳ್ಳುತ್ತಾರೆ. ಪಕ್ಕೆಲುಬಿನ ಮೃದ್ವಸ್ಥಿ ಕೆತ್ತಿದ ಮೇಲೆ ಸೊಟ್ಟಗಾಗುವ ತೊಂದರೆ ಇತ್ತು. ಎರಡೂ ಬದಿಯನ್ನು ಸಮವಾಗಿ ಕೆತ್ತಿದರೆ ಅದು ನೇರವಾಗಿ ಉಳಿಯುತ್ತದೆ ಎಂದು ಗ್ಲಾಸ್ಗೋ ನಗರದ ಥಾಮಸ್ ಗಿಬ್ಸನ್ ಮತ್ತು ಅವರ ಸಹೋದ್ಯೋಗಿ 1958ರಲ್ಲಿ ತೋರಿಸಿಕೊಟ್ಟರು. ಅಪಘಾತ, ಕ್ಯಾನ್ಸರ್, ಹುಟ್ಟಿನಿಂದ ಬಂದ ಸೀಳುತುಟಿ ಇವುಗಳಿಂದ ಮೂಗು ಕೆಟ್ಟವರಿಗೆ ಈ ವಿದ್ಯೆ ವರವಾಗಿದೆ. ಹಣೆಯ ಚರ್ಮವನ್ನು ಕೆಳಗೆ ತಿರುಗಿಸುವ ಹಳೆಯ ಭಾರತೀಯ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಅಂದಕ್ಕಾಗಿ ಮೂಗು ತಿದ್ದಿಸಿಕೊಳ್ಳುವವರೂ ಇದ್ದಾರೆ. ಗಿಲ್ಲೀಸ್ ಕೂಡ ಅಂಥ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಆದರೆ ಬೆಳೆಯುವ ಮಕ್ಕಳಲ್ಲಿ ನಮ್ಮದೊಂದು ಕಳಕಳಿಯ ಮಾತು. ನಿಮ್ಮ ಮೂಗು ನಿಮ್ಮ ಅಜ್ಜಿಯದೋ ತಾತನದೋ ಕೊಡುಗೆ. ದಪ್ಪ, ಚಪ್ಪಟೆ, ಉದ್ದ ಎಂದು ಯಾರಾದರೂ ಹಾಸ್ಯ ಮಾಡಿದರೆ ಕುಗ್ಗಬೇಡಿ. ನೀವೂ ಇನ್ನೊಬ್ಬರ ಮುಖವನ್ನು ಹಾಸ್ಯ ಮಾಡಬೇಡಿ.

ಪೋಷಕರಿಗೂ ಒಂದು ಮಾತು. ರಸ್ತೆಯಲ್ಲಿ, ಬಸ್ಸಿನಲ್ಲಿ, ಮುಖದಲ್ಲಿ ಗಾಯದ ಗುರುತಿರುವವರನ್ನು ಕಂಡಾಗ ನಮ್ಮ ಮಕ್ಕಳು ನಮ್ಮನ್ನೇ ನೋಡಿ ಕಲಿಯುತ್ತಾರೆ. ನಾವು ಕಣ್ಣು ತಪ್ಪಿಸಿದರೆ ಅವರೂ ತಪ್ಪಿಸುತ್ತಾರೆ, ನಾವು ನಮಸ್ಕರಿಸಿ ಮಾತನಾಡಿಸಿದರೆ ಅವರೂ ಮಾತನಾಡಿಸುತ್ತಾರೆ. ಶಸ್ತ್ರವೈದ್ಯರು ಮುಖವನ್ನು ಕಟ್ಟಿಕೊಡಬಲ್ಲರು. ಆ ಮುಖ ನೋಡಿ ನಗುವ ಕೆಲಸ ಮಾತ್ರ ನಮ್ಮೆಲ್ಲರದು.

ಪುಣೆಯ ಇಟ್ಟಿಗೆ ಮಾಡುವವನಿಂದ ಲಂಡನ್ನಿಗೆ, ಲಂಡನ್ನಿನಿಂದ ಡುನೆಡಿನ್‌ಗೆ, ಅಲ್ಲಿಂದ ನಾಗಪುರಕ್ಕೆ ವಿದ್ಯೆ ಪಯಣ ಮಾಡಿತು. ನಮ್ಮ ಕುಟುಂಬಗಳೂ ಹಾಗೆಯೇ ಸಮುದ್ರ ದಾಟಿ ಬಂದಿವೆ. ಮಕ್ಕಳೇ, ಹುಟ್ಟಿದ ನಾಡಿನದಿರಲಿ, ಹಿರಿಯರ ನಾಡಿನದಿರಲಿ, ಒಳ್ಳೆಯ ವಿದ್ಯೆ ಎಲ್ಲಿದ್ದರೂ ಕಲಿಯಿರಿ. ಕಲಿತದ್ದಕ್ಕೆ ನಿಮ್ಮದೂ ಸ್ವಲ್ಪ ಸೇರಿಸಿ. ಅದು ನೊಂದವರೊಬ್ಬರಿಗೆ ನೆರವಾದರೆ ಆ ವಿದ್ಯೆ ಸಾರ್ಥಕ.